ಸಮಾಮಿಶ್‌ನಲ್ಲಿ ಮಳೆ, ಪ್ರಭು ಕೇಳುತ್ತಿದ್ದಾನೆ

ಶನಿವಾರ ಬೆಳಗ್ಗೆ ಏಳಕ್ಕೆ ಸಮಾಮಿಶ್‌ನಲ್ಲಿ ಎದ್ದು ಕೂತಿರೋ ಮನುಷ್ಯರು ಎಷ್ಟು ಜನ ಇದ್ದಾರು? ಅಮೆರಿಕದ ಸಿಯಾಟಲ್ ಪಕ್ಕದ, ವಾರವಿಡೀ ಕಾರು ಓಡಿಸಿ ಸುಸ್ತಾದ ಊರು ಅದು. ಒಂಬತ್ತಕ್ಕೆ ಮೊದಲು ಒಂದು ಗ್ಯಾರೇಜಿನ ಬಾಗಿಲೂ ಮೇಲೇಳೋದಿಲ್ಲ. ತ್ರಿವೇಣಿ ಮಾತ್ರ ಆರೂಮುಕ್ಕಾಲಿಗೇ ಅಡಿಗೆಮನೆಯ ಟೇಬಲ್ ಮೇಲೆ ಹಳೇ ಲ್ಯಾಪ್‌ಟಾಪ್ ತೆರೆದು ಕೂತಿರುತ್ತಿದ್ದಳು. ಕೂತು ಏನು ಮಾಡುತ್ತಿದ್ದಳು ಅಂತ ಹೇಳಿದರೆ ನೀವು ನಂಬಲಿಕ್ಕಿಲ್ಲ. ಸ್ಕಾಟ್ಲೆಂಡಿನ ಯಾವುದೋ ಮೂಲೆಯ ಫುಟ್‌ಬಾಲ್ ಕ್ಲಬ್ಬಿಗೆ, ತೀರಿಕೊಂಡ ಗಂಡನ ಹೆಸರಿನಲ್ಲಿ, ಒಂದು ಸಾಲಿನ ಮೇಲ್ ಬರೆಯುತ್ತಿದ್ದಳು.

ಹುಚ್ಚು ಅಂತ ಅಂದುಬಿಡಬೇಡಿ. ಅನ್ನೋ ಮೊದಲು ಆ ಗಂಡ ಎಂಥವನು ಅಂತ ತಿಳಿದುಕೊಳ್ಳಿ.

ಪ್ರಭುದೇವ ಬನಹಟ್ಟಿಯ ನೇಕಾರರ ಮನೆಯವನು. ಎಂಜಿನಿಯರಿಂಗ್ ಓದಿ ಕೆಲಸಕ್ಕೆ ಸೇರಿದ ಮೇಲೆ ಕಂಪನಿಯವರು ಅವನನ್ನು ಎರಡು ವರ್ಷ ಸ್ಕಾಟ್ಲೆಂಡಿನ ಡಂಡೀ ಊರಿಗೆ ಕಳಿಸಿದರು. ತೊಂಬತ್ತಾರನೇ ಇಸವಿಯ ಮಾತು. ಡಂಡೀಯಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಕಿಲ್‌ಡನ್ನಿ ಎಂಬಲ್ಲಿ ಅಗ್ಗದ ರೂಮು ಸಿಕ್ಕಿತು. ಮಾತಿಗೊಬ್ಬರಿಲ್ಲ, ಚಳಿಗಾಲದಲ್ಲಿ ಮಧ್ಯಾಹ್ನ ಮೂರೂವರೆಗೇ ಕತ್ತಲು. ಕಾರ್ಖಾನೆಯ ಒಬ್ಬ ಮುದುಕ ಫಿಟ್ಟರ್ ಅವನ ಸಪ್ಪೆ ಮುಖ ನೋಡಲಾರದೆ ಒಂದು ಶನಿವಾರ ಊರಿನ ಫುಟ್‌ಬಾಲ್ ತಂಡವಾದ ಕಿಲ್‌ಡನ್ನಿ ರೋವರ್ಸ್ ಆಟಕ್ಕೆ ಕರೆದುಕೊಂಡು ಹೋದ. ರೋವರ್ಸ್ ಅವತ್ತು ನಾಲ್ಕು ಗೋಲಿನಿಂದ ಸೋತಿತು. ಸೋತ ಮೇಲೂ ಅಷ್ಟೂ ಜನ ಮುಂದಿನ ವಾರದ ಆಟ ಯಾರ ಮೇಲೆ ಅಂತ ಮಾತಾಡಿಕೊಂಡು ಮನೆಗೆ ಹೋದರಂತೆ. ಅದೇ ಅವನಿಗೆ ಹಿಡಿಸಿದ್ದು. ಮೈದಾನದ ಚಹಾ ಅಂಗಡಿಯ ಹೆಂಗಸು, ಈ ಹುಡುಗ ಮಾಂಸ ಮುಟ್ಟೋದಿಲ್ಲ ಅಂತ ಗೊತ್ತಾದ ಮೇಲೆ, ಪ್ರತಿ ವಾರ ಬರೀ ಚೀಸು ಈರುಳ್ಳಿ ತುಂಬಿದ ಒಂದು ಪೈ ಬೇರೆ ತೆಗೆದಿಡುತ್ತಿದ್ದಳು, ಮೇಲೊಂದು ಚೀಟಿಯಲ್ಲಿ ಇವನ ಹೆಸರು ಬರೆದು. ನಮ್ಮವ್ವನ ಬಿಟ್ಟರ ನನಗಂತ ಊಟ ತೆಗೆದಿಟ್ಟಾಕಿ ಆಕಿ ಒಬ್ಬಾಕೆ ನೋಡು ಅಂತ ತ್ರಿವೇಣಿಗೆ ಅವನು ಹೇಳಿದ್ದು ನೂರು ಸಲವಾದರೂ ಆಗಿದ್ದೀತು.

ಎರಡು ವರ್ಷದ ಮೇಲೆ ಕಂಪನಿ ಅವನನ್ನು ಅಮೆರಿಕಕ್ಕೆ ಕಳಿಸಿತು. ಮದುವೆಯಾಗಿ ಗದಗಿನಿಂದ ಅವಳು ನೇರ ಸಿಯಾಟಲ್ ಕಡೆಗೇ ಬಂದಿಳಿದದ್ದು. ಬಂದ ಮೇಲೆ ಗೊತ್ತಾಯಿತು, ಈ ಮನುಷ್ಯನ ಶನಿವಾರಗಳು ಮೊದಲೇ ಬೇರೆ ಯಾರ ಪಾಲಿಗೋ ಹೋಗಿವೆ ಅಂತ. ಅಲ್ಲಿ ಮಧ್ಯಾಹ್ನ ಮೂರಕ್ಕೆ ಆಟ ಅಂದರೆ ಇಲ್ಲಿ ಬೆಳಗ್ಗೆ ಏಳು. ಕನ್ನಡ ಸಂಘದ ಪಿಕ್ನಿಕ್ಕಿಗೆ ತಡ, ಸ್ನೇಹಿತೆ ಪೂರ್ಣಿಮಾಳ ಗೃಹಪ್ರವೇಶಕ್ಕೆ ತಡ. ತಮ್ಮನ ನಿಶ್ಚಿತಾರ್ಥಕ್ಕೆ ಗದಗಿಗೆ ಹೋದಾಗಲೂ, ರಾತ್ರಿ ಊಟದ ಪಂಕ್ತಿಯಲ್ಲಿ ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೇ ಕೂತಿದ್ದ ಮಹಾನುಭಾವ. ಅಷ್ಟು ಮಾಡಿದ್ದಕ್ಕೆ ಆ ರೋವರ್ಸ್ ಆದರೂ ಏನು ಕಡಿದು ಗುಡ್ಡೆ ಹಾಕಿತು? ಇಪ್ಪತ್ತೈದು ವರ್ಷದಲ್ಲಿ ಒಂದು ಕಪ್ಪಿಲ್ಲ. ಸವತಿ ಮಾಡ್ಕೊಳ್ಳೋದ ಖರೇ ಇದ್ದರ ಒಮ್ಮೆಯಾದರೂ ಗೆಲ್ಲೋ ಸವತಿನ್ನ ಮಾಡ್ಕೋಬಾರದಿತ್ತಾ ಅಂತ ತ್ರಿವೇಣಿ ಚುಚ್ಚುತ್ತಿದ್ದಳು. ಅವನು ಕಿವಿ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ.

ಆಟದ ವೀಕ್ಷಕ ವಿವರಣೆ ಕ್ಲಬ್ಬಿನ ಇಂಟರ್ನೆಟ್ ರೇಡಿಯೋದಲ್ಲಿ ಬರುತ್ತಿತ್ತು. ಹೇಳುವವನು ಡೂಗಿ ಅಂತ, ರಿಟೈರಾದ ಪೋಸ್ಟ್‌ಮ್ಯಾನ್. ಸಂಬಳವಿಲ್ಲ, ಸಾರಿಗೆಯಿಲ್ಲ, ಮೈಕ್ ಹಿಡಿದು ಕೂತರೆ ಆಯಿತು. ಆಟ ಶುರುವಾಗಲು ಐದು ನಿಮಿಷ ಇರುವಾಗ ಆತ ಒಂದು ಪಟ್ಟಿ ಓದುತ್ತಿದ್ದ. ಹೊರದೇಶಗಳಿಂದ ಇವತ್ತು ಯಾರು ಯಾರು ಕೇಳುತ್ತಿದ್ದಾರೆ ಅಂತ. ಆಸ್ಟ್ರೇಲಿಯಾದಿಂದ ಒಬ್ಬ, ನಾರ್ವೆಯ ಹಡಗಿನಲ್ಲಿ ಅಡಿಗೆ ಮಾಡುವವನೊಬ್ಬ, ಟೊರಾಂಟೊದಲ್ಲಿ ಒಬ್ಬ ಟೀಚರಮ್ಮ. ಎಲ್ಲರೂ ಆ ಊರಿನಲ್ಲೇ ಹುಟ್ಟಿ ದೂರ ಹೋದವರು. ನಮ್ಮ ಬನಹಟ್ಟಿಯವನೊಬ್ಬ ಹೊರತು. ಅವನು ಪ್ರತಿ ವಾರ ಕಳಿಸುತ್ತಿದ್ದದ್ದು ಒಂದೇ ಸಾಲು. ಸಮಾಮಿಶ್‌ನಲ್ಲಿ ಮಳೆ, ಪ್ರಭು ಕೇಳುತ್ತಿದ್ದಾನೆ. ಬಿಸಿಲಿದ್ದರೆ ಬಿಸಿಲು, ಮಂಜಿದ್ದರೆ ಮಂಜು. ಮಿಕ್ಕಿದ್ದು ಅದೇ. ಡೂಗಿ ಅದನ್ನು ಓದಿ, ಗುಡ್ ಮಾರ್ನಿಂಗ್ ಪ್ರಭು ಅನ್ನುತ್ತಿದ್ದ. ಇವನು ಇಲ್ಲಿ ಲ್ಯಾಪ್‌ಟಾಪಿನ ಮುಂದೆ ಶಾಲೆ ಹುಡುಗನ ಹಾಗೆ ಹಲ್ಲು ಬಿಡುತ್ತಿದ್ದ.

ಹೋದ ಸೆಪ್ಟೆಂಬರಿನಲ್ಲಿ ಕರ್ಕ್‌ಲ್ಯಾಂಡಿನ ಆಫೀಸಿನಿಂದ ಹೊರಡುವಾಗ ಪಾರ್ಕಿಂಗ್‌ನಲ್ಲೇ ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಐವತ್ತೈದು ಹೋಗುವ ವಯಸ್ಸೇನ್ರೀ? ಮಣ್ಣು ಮಾಡಿ, ಶಿವಗಣಾರಾಧನೆ ಮುಗಿಸಿ, ಊರಿನಿಂದ ಬಂದವರು ಊರಿಗೆ ಹೋದರು. ಮಗ ತನ್ಮಯ ಡೌನ್‌ಟೌನ್ ಬೆಲ್ವ್ಯೂನಲ್ಲಿ ಕೆಲಸ ಮಾಡಿಕೊಂಡು ಅಲ್ಲೇ ಅಪಾರ್ಟ್‌ಮೆಂಟ್ ಮಾಡಿದ್ದವನು, ಒಂದು ತಿಂಗಳು ಅಮ್ಮನ ಜೊತೆಗಿದ್ದು ತಾನೂ ವಾಪಸು ಹೋದ. ಅವನು ಹೋದ ಮೇಲಿನ ಮೊದಲ ಶನಿವಾರ ಆರೂಮುಕ್ಕಾಲಿಗೆ ಲ್ಯಾಪ್‌ಟಾಪಿನಲ್ಲಿ ಅಲಾರಾಂ ಹೊಡೆಯಿತು. ನಿಲ್ಲಿಸೋಣ ಅಂತ ಹೋದ ತ್ರಿವೇಣಿ, ಯಾಕೋ, ಪ್ರಭು ಪ್ರತಿ ವಾರ ಒತ್ತುವಲ್ಲಿ ಒತ್ತಿದಳು. ಡೂಗಿಯ ದನಿ ಬಂತು. ಪಟ್ಟಿ ಓದಿದ. ಕೊನೆಗೆ ನಗುತ್ತಾ ಅಂದ: ಸಮಾಮಿಶ್‌ನಿಂದ ಐದು ವಾರವಾಯಿತು ಸುದ್ದಿಯಿಲ್ಲ, ನಿದ್ದೆ ಸಾಕು ಪ್ರಭು, ಏಳಪ್ಪಾ.

ನಿಜ ಬರೆಯೋಣ ಅಂತಲೇ ಕೂತಳು, ದೇವರಾಣೆ. ಅವನ ಮೇಲ್ ತೆರೆದೇ ಇತ್ತು. ಹಿಂದಿನ ವಾರಗಳ ಸಾಲುಗಳೆಲ್ಲ ಒಂದರ ಕೆಳಗೊಂದು ಕಾಣುತ್ತಿದ್ದವು. ತೀರಿಕೊಂಡರು ಅನ್ನುವ ಮಾತನ್ನು ಬೆರಳು ಟೈಪ್ ಮಾಡಲಿಲ್ಲ. ಕಿಟಕಿಯ ಹೊರಗೆ ನೋಡಿ, ಸಮಾಮಿಶ್‌ನಲ್ಲಿ ಮಳೆ ಅಂತ ಬರೆದಳು. ಮುಂದಿನದು ತಾನಾಗಿ ಬಂತು. ಎರಡು ನಿಮಿಷದಲ್ಲಿ ಡೂಗಿ ಆಟದ ನಡುವೆಯೇ ಅದನ್ನು ಓದಿ, ಅಂತೂ ಎದ್ದೆಯಲ್ಲ ಅಂದು, ಅವನ ಹೆಸರು ಹಿಡಿದು ಕೂಗಿದ.

ಆ ಹೆಸರನ್ನು ಆ ಮನೆಯಲ್ಲಿ ಯಾರೂ ಹೇಳದೆ ತಿಂಗಳಾಗಿತ್ತು. ತ್ರಿವೇಣಿ ಹೇಳುವವಳಲ್ಲ. ರೀ ಅಂದಳೇ ಹೊರತು ಇಪ್ಪತ್ತೈದು ವರ್ಷದಲ್ಲಿ ಗಂಡನ ಹೆಸರು ಅವಳ ಬಾಯಲ್ಲಿ ಬಂದದ್ದಿಲ್ಲ. ಪೂರ್ಣಿಮಾ ಮೊದಲಾದವರು ಸಾರು ಪಲ್ಯ ತಂದುಕೊಟ್ಟು, ಪಾಪ, ಅವಳಿಗೆ ನೋವಾದೀತು ಅಂತ ಅವನ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಬ್ಯಾಂಕು, ಇನ್ಶೂರೆನ್ಸ್ ಎಲ್ಲ ಕಡೆ ಅವನ ಹೆಸರು ಅಳಿಸುವ ಕೆಲಸವೇ ನಡೆದಿತ್ತು. ಇಡೀ ಭೂಮಿಯ ಮೇಲೆ ಅವನನ್ನು ಇದ್ದವನ ಹಾಗೆ ಮಾತಾಡಿಸುವವನು ಅಂದರೆ ಆ ಪೋಸ್ಟ್‌ಮ್ಯಾನ್ ಒಬ್ಬನೇ. ಅವಳು ಬಿಟ್ಟಾಳೆ?

ಬಿಡಲಿಲ್ಲ. ಚಳಿಗಾಲವಿಡೀ ಬರೆದಳು. ಮಾರ್ಚಿನಲ್ಲಿ ಒಂದು ಶನಿವಾರ ಏಳಕ್ಕೆ ಒತ್ತಿದರೆ ದನಿಯೇ ಇಲ್ಲ. ಇವರಿಗೆ ಗೊತ್ತಾಗಿಬಿಟ್ಟಿದೆ, ತನ್ನ ಕಳ್ಳತನ ಸಿಕ್ಕಿಬಿದ್ದಿದೆ ಅಂತ ಬೆವತುಹೋದಳು. ಎಂಟಕ್ಕೆ ಡೂಗಿ ಎಂದಿನ ಹಾಗೆ ಮಾತು ಶುರು ಮಾಡಿದ. ಬೇಸಿಗೆ ಬರುತ್ತಿದ್ದಂತೆ ಗಡಿಯಾರ ಒಂದು ಗಂಟೆ ಮುಂದಿಡುವುದು ಅಮೆರಿಕದಲ್ಲಿ ಮೊದಲು, ಸ್ಕಾಟ್ಲೆಂಡಿನಲ್ಲಿ ಎರಡು ಮೂರು ವಾರ ತಡ. ಪ್ರಭು ಪ್ರತಿ ವರ್ಷ ಜನವರಿಯಲ್ಲೇ ಆ ಶನಿವಾರಗಳಿಗೆ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದ. ಈ ವರ್ಷದ ಕ್ಯಾಲೆಂಡರಿಗೆ ಗುರುತು ಹಾಕುವವರು ಇರಲಿಲ್ಲ. ಅವತ್ತು ಆಟ ಪೂರ್ತಿ ಕೇಳಿದಳು, ಅರ್ಧ ತಿಳಿಯಿತು. ರೋವರ್ಸ್ ತಳದಲ್ಲಿದೆ, ಹೀಗೇ ಆದರೆ ಕೆಳಗಿನ ದರ್ಜೆಗೆ ಬೀಳುತ್ತದೆ ಅನ್ನುವಷ್ಟು.

ಏಪ್ರಿಲ್ ಕೊನೆಗೆ ಡೂಗಿಯ ಮೇಲ್ ಬಂತು. ಮೇ ಮೊದಲ ಶನಿವಾರ ಕೊನೆಯ ಆಟ. ಗೆಲ್ಲದಿದ್ದರೆ ರೋವರ್ಸ್ ಕೆಳಕ್ಕೆ. ಅವತ್ತು ಮಧ್ಯಂತರದಲ್ಲಿ ನಿನಗೆ ಫೋನ್ ಮಾಡುತ್ತೇನೆ, ರೇಡಿಯೋ ಶುರುವಾದ ದಿನದಿಂದ ಕೇಳುತ್ತಾ ಬಂದವನು ನೀನೊಬ್ಬನೇ, ಐದು ನಿಮಿಷ ಮಾತಾಡು, ಇಡೀ ಮೈದಾನಕ್ಕೆ ಕೇಳಿಸುತ್ತೇನೆ ಅಂತ ಬರೆದಿದ್ದ. ಚಹಾ ಅಂಗಡಿಯಾಕೆಗೆ ಈಗ ಎಂಬತ್ತು, ಅವಳೂ ನಿನ್ನ ದನಿ ಕೇಳಬೇಕಂತೆ ಅಂತ ಕೆಳಗೊಂದು ಸಾಲು.

ತ್ರಿವೇಣಿ ಎರಡು ದಿನ ಅನ್ನ ಬಿಟ್ಟಳು. ಉತ್ತರ ಕೊಡದಿದ್ದರೆ ಆತ ಬಿಡುವವನಲ್ಲ. ನಿಜ ಹೇಳಿದರೆ ಆ ಪಟ್ಟಿಯಿಂದಲೂ ಹೆಸರು ಹೋಗುತ್ತದೆ. ಅಲ್ಲಿಂದಲೂ ಹೋದರೆ ಇನ್ನು ಎಲ್ಲಿ ಉಳಿಯಿತು? ಬುಧವಾರ ಸಂಜೆ ತನ್ಮಯ ಊಟಕ್ಕೆ ಬಂದಾಗ ಅವಳಿಗೆ ಆ ಬುದ್ಧಿ ಹೊಳೆಯಿತು. ಹೊಳೆಯಬಾರದಿತ್ತು. ರೊಟ್ಟಿ ಬಡಿಸುತ್ತಾ ಎಲ್ಲ ಹೇಳಿಕೊಂಡಳು, ಅಕ್ಟೋಬರಿನ ಆ ಶನಿವಾರದಿಂದ ಹಿಡಿದು. ಆಮೇಲೆ ಕೇಳಿಯೇಬಿಟ್ಟಳು.

"ನಿನ್ನ ದನಿ ಥೇಟ್ ನಿಮ್ಮಪ್ಪಂದು. ಐದ ನಿಮಿಷ. ಅವರ ಹೆಸರ ಹೇಳಿ ಹೂಂ ಹಾಂ ಅಂದ್ರ ಸಾಕು."

ಮಗ ತಟ್ಟೆಯಿಂದ ಕೈ ತೆಗೆದ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹುಟ್ಟಿದಾಗಿನಿಂದ ಇಂಗ್ಲಿಷಿನಲ್ಲಿ. ಹಾಗೇ ಕೇಳಿದ, ಮೆಲ್ಲಗೆ: "ಅಂದರೆ ಇಷ್ಟು ತಿಂಗಳೂ ಅಲ್ಲಿ ಅಪ್ಪ ಬದುಕಿದ್ದಾರಾ?"

ಅವಳು ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

"ನನಗೆ ಯಾಕೆ ಹೇಳಲಿಲ್ಲ ಅಮ್ಮ? ನಾನೂ ಬಂದು ಕೇಳುತ್ತಿದ್ದೆ."

ಬೈಯುತ್ತಾನೆ ಅಂತ ಸಿದ್ಧಳಾಗಿದ್ದಳು, ಇದಕ್ಕೆ ಸಿದ್ಧಳಿರಲಿಲ್ಲ. ಹುಡುಗ ಒಬ್ಬನೇ ಆ ಎತ್ತರದ ಅಪಾರ್ಟ್‌ಮೆಂಟಿನಲ್ಲಿ ಶನಿವಾರ ಬೆಳಗ್ಗೆ ಏನು ಮಾಡುತ್ತಾನೆ ಅಂತ ಅವಳು ಒಂದು ದಿನವಾದರೂ ಯೋಚಿಸಿದ್ದಳೇ? ತನ್ನ ದುಃಖವನ್ನು ತಾನೊಬ್ಬಳೇ ಬಾಗಿಲು ಹಾಕಿಕೊಂಡು ಉಂಡಳು. ನಾಚಿಕೆಯಾಯಿತು. ಅವನು ಮಾತ್ರ ಅಪ್ಪನಾಗಿ ಮಾತಾಡುವುದು ತನ್ನಿಂದ ಆಗುವುದಿಲ್ಲ ಅಂತ ಎರಡು ಸಲ ಹೇಳಿ, ಎದ್ದು ಹೋಗಿ ತಟ್ಟೆ ತೊಳೆದಿಟ್ಟ.

ಗುರುವಾರ ಅವಳು ಲೈಬ್ರರಿಯ ಅರ್ಧ ದಿನದ ಕೆಲಸಕ್ಕೆ ರಜೆ ಹಾಕಿ ಮೇಲ್ ಬರೆದಳು. ಪ್ರಭು ಸೆಪ್ಟೆಂಬರಿನಲ್ಲಿ ತೀರಿಕೊಂಡರು, ಆಮೇಲಿನದನ್ನೆಲ್ಲ ಬರೆದವಳು ನಾನು, ಅವರ ಹೆಂಡತಿ, ಕ್ಷಮಿಸಿ. ಇಷ್ಟೇ. ಕಳಿಸುವ ಗುಂಡಿ ಒತ್ತಿ, ಏನೋ ಕೊಂದವಳ ಹಾಗೆ ಕೂತುಬಿಟ್ಟಳು. ಸಂಜೆಗೆ ಡೂಗಿಯ ಉತ್ತರ ಬಂತು. ಮೋಸ ಮಾಡಿದೆ ಅಂತ ಒಂದು ಮಾತಿಲ್ಲ. ಒಂದೇ ಪ್ರಶ್ನೆ. ನಿದ್ದೆ ಸಾಕು ಏಳು ಅಂದೆನಲ್ಲ, ಅವತ್ತು ನೀವು ಕೇಳುತ್ತಿದ್ದಿರಾ?

ಇಲ್ಲ ಅಂದುಬಿಡಬಹುದಿತ್ತು. ಸುಳ್ಳು ಸಾಕಾಗಿತ್ತು ಅವಳಿಗೆ. ಹೌದು ಅಂತ ಬರೆದಳು. ಅದಕ್ಕೆ ಉತ್ತರ ಬರಲಿಲ್ಲ, ಶುಕ್ರವಾರವೂ ಬರಲಿಲ್ಲ. ಆ ಮುದುಕನ ಹೊಟ್ಟೆಗೆ ತಾನೇ ಬೆಂಕಿ ಇಟ್ಟೆ ಅಂತ ಅವಳಿಗೆ ಅನ್ನಿಸಿತು. ಅನ್ನಿಸಿದ್ದು ಸುಳ್ಳೂ ಅಲ್ಲ.

ಶನಿವಾರ ಆರೂವರೆಗೆ ತನ್ಮಯನ ಕಾರು ಬಂದು ನಿಂತಿತು. ಅಮ್ಮ ಮಗ ಇಬ್ಬರೂ ಟೇಬಲ್ಲಿಗೆ ಕುರ್ಚಿ ಎಳೆದುಕೊಂಡು ಕೂತರು. ಅವಳು ಮೇಲ್ ಬರೆಯಲಿಲ್ಲ, ಬರೆಯಲು ಏನಿತ್ತು? ಡೂಗಿ ಬಂದ. ಆಟ, ಹವೆ, ಗೆಲ್ಲಲೇಬೇಕಾದ ದಿನ ಅಂತೆಲ್ಲ ಹೇಳಿದ. ಆಮೇಲೆ ಕಾಗದ ನೋಡಿ ಓದುವ ದನಿಯಲ್ಲಿ, ನಮ್ಮ ಪ್ರಭು ಇನ್ನಿಲ್ಲ ಅಂದ. ಚಳಿಯಲ್ಲಿ ನಡುಗುತ್ತಾ ಬಂದ ಹುಡುಗ, ಎಲ್ಲಿ ಹೋದರೂ ನಮ್ಮನ್ನು ಬಿಡಲಿಲ್ಲ ಅಂದ. ಆಟಗಾರರು ಮೈದಾನದ ನಡುವೆ ಸಾಲಾಗಿ ನಿಂತಿದ್ದಾರೆ ಅಂದ. ಚಪ್ಪಾಳೆ ಶುರುವಾಯಿತು, ಹೋದವರನ್ನು ಅಲ್ಲಿಯವರು ಹಾಗೇ ನೆನೆಯೋದಂತೆ. ಹೆಚ್ಚೇನಿಲ್ಲ, ಏಳೆಂಟುನೂರು ಜನರದ್ದು. ಒಂದು ನಿಮಿಷ ಬಿಡದೆ ತಟ್ಟಿದರು. ತ್ರಿವೇಣಿ ಸೆಟೆದು ಕೂತು ಕೇಳಿದಳು, ಕಣ್ಣಲ್ಲಿ ಒಂದು ಹನಿಯಿಲ್ಲ. ಹೆಮ್ಮೆ ಅನ್ನಿಸಿತು. ಇಷ್ಟು ಚೆನ್ನಾಗಿ ಮುಗಿಯಿತಲ್ಲ, ಇನ್ನು ತಡೆದುಕೊಂಡೇನು ಅಂತ ಅಂದುಕೊಂಡಳು.

ಚಪ್ಪಾಳೆ ನಿಂತ ಮೇಲೆ ಡೂಗಿ ಪಟ್ಟಿ ತೆಗೆದ. ಆಸ್ಟ್ರೇಲಿಯಾ ಓದಿದ. ನಾರ್ವೆ, ಟೊರಾಂಟೊ ಓದಿದ. ಎಲ್ಲರಿಗೂ ಅವರವರ ಹೆಸರು ಹಿಡಿದು ನಮಸ್ಕಾರ ಹೇಳಿದ. ಇಪ್ಪತ್ತು ವರ್ಷದ ರೂಢಿ ನೋಡಿ, ನಾಲಿಗೆ ಎಲ್ಲಿ ನಿಲ್ಲುತ್ತದೆ?

"ಇನ್ನು ಸಮಾಮಿಶ್‌ನಿಂದ..." ಅಂದ.

ಅಂದವನು ತಡೆದ. ಒಂದು ಕ್ಷಣ, ಎರಡು ಕ್ಷಣ, ಮೈದಾನದ ಗಾಳಿಯ ಸದ್ದು ಮಾತ್ರ. ಮುಂದಿನ ಮಾತು ಏನು ಅಂತ ಇಬ್ಬರಿಗೂ ಗೊತ್ತು, ಸಾವಿರಾರು ಮೈಲಿ ಆಚೆ ಆತನಿಗೆ, ಅಡಿಗೆಮನೆಯಲ್ಲಿ ಇವಳಿಗೆ. ತ್ರಿವೇಣಿ ಗೊತ್ತಿಲ್ಲದೆ ಲ್ಯಾಪ್‌ಟಾಪಿನ ಕಡೆ ಬಾಗಿದ್ದಳು, ಇನ್ನೊಂದೇ ಒಂದು ಸಲ ಅಂದುಬಿಡಲಿ ಅಂತ. ಡೂಗಿ ಅನ್ನಲಿಲ್ಲ. ಇಲ್ಲ, ಇವತ್ತು ಇಷ್ಟೇ ಜನ ಅಂದ. ರೆಫರಿಯ ಸೀಟಿ ಕೇಳಿಸಿತು.

ಆಗ ಅತ್ತಳು. ಮಣ್ಣು ಕೊಡುವಾಗ ಅಳದವಳು, ಟೇಬಲ್ ಅಂಚು ಹಿಡಿದುಕೊಂಡು ದನಿ ತೆಗೆದು ಅತ್ತಳು. ಮಗ ಕುರ್ಚಿ ಸರಿಸಿ ಬಂದು ಅವಳನ್ನು ಹಿಡಿದುಕೊಂಡ, ಅವನೂ ಅಳುತ್ತಿದ್ದ. ಹನ್ನೊಂದನೇ ನಿಮಿಷಕ್ಕೆ ರೋವರ್ಸ್ ಮೊದಲ ಗೋಲು ಬಿಟ್ಟುಕೊಟ್ಟಿತು. ಆ ಮನೆಯಲ್ಲಿ ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.