ಗಿಟಾರ್ ರಿಪೇರಿಯ ಕುವಬಾರ
ಟೋಕಿಯೋದ ಓಣಿಯೊಂದರಲ್ಲಿ ಎಲೆಕ್ಟ್ರಿಕ್ ಗಿಟಾರ್ ರಿಪೇರಿ ಮಾಡುವ ಕುವಬಾರನಿಗೆ ಎದುರಿನ ಮೀನಂಗಡಿಯ ಶಿರಾಯಿಶಿ ನುಡಿಸುವ ಗಿಟಾರಿನ ನಾದವೆಂದರೆ ಹೊಟ್ಟೆಯಲ್ಲಿ ಕೆಂಡ. ೧೯೮೭ರ ಅಕ್ಟೋಬರ್ ೧೪, ಬುಧವಾರ, ಅದನ್ನು ಮೊದಲು ಕೇಳಿದಂದಿನಿಂದ ಅದರ ಗುಟ್ಟು ಬಿಡಿಸುವುದೇ ಅವನ ವ್ರತ. ಎಲ್ಲವೂ ಮರದ ಮಹಿಮೆಯೆಂದು ತನ್ನ ಗಿಟಾರಿಗೆ ಹೊಸ ಒಡಲು ಕೊರೆದ. ಮರವಲ್ಲ, ತಂತಿಯ ಮಿಡಿತ ಹಿಡಿಯುವ ಸುರುಳಿಯೆಂದು ಅಯಸ್ಕಾಂತದ ಸುತ್ತಣ ತಾಮ್ರದ ತಂತಿಯನ್ನು ಬಿಚ್ಚಿ ಬಿಚ್ಚಿ ಸುತ್ತಿದ. ಆಮೇಲೆ ಆಂಪ್ಲಿಫೈಯರಿನ ವಾಲ್ವು, ಕೇಬಲ್ಲು, ಕೊನೆಗೆ ಶಿರಾಯಿಶಿಯ ಬೆರಳಿಗೆ ಹತ್ತಿದ ಮೀನಿನ ಜಿಡ್ಡನ್ನೂ ಶಂಕಿಸಿದ. ಗಿರಾಕಿಗಳು ತನ್ನನ್ನು ಹೊಗಳಿದರೆ, "ನಿಮ್ಮ ಕಿವಿಗೇನ್ರೀ ಗೊತ್ತು, ಸುಮ್ನಿರಿ" ಎನ್ನುವನು. ಅವನು ನಂಬಿದ ಅಳತೆಗೋಲು ಒಂದೇ: ಹಿಂದಿನ ಅಡುಗೆಮನೆಯಲ್ಲಿ ಮೂಲಂಗಿ ಹೆಚ್ಚುವ ಹೆಂಡತಿ ಫುಮಿಯೆಯ ಚಾಕು. ಎದುರಿನ ನಾದ ತೇಲಿಬಂದರೆ ಆ ಚಾಕು ನಿಲ್ಲುತ್ತಿತ್ತು. ಇವನು ನುಡಿಸಿದರೆ ಟಕಟಕನೆ ನಡೆದೇ ಇರುತ್ತಿತ್ತು. "ಈಗ ಹೇಗಿದೆಯೇ?" ಎಂದು ಇವನು ಕೂಗಿದರೆ, "ಚೆನ್ನಾಗಿದೆ ರೀ, ಊಟಕ್ಕೆ ಬನ್ನಿ" ಎನ್ನುವಳು. ಮೊನ್ನೆ ಶಿರಾಯಿಶಿಯೇ ಬಂದು, "ಅಣ್ಣಾ, ನಿಮ್ದನ್ನ ಒಂದ್ಸಲ ಕೊಡಿ, ನೋಡ್ತೀನಿ" ಎಂದು ಕುವಬಾರನದೇ ಮರ, ಅವನದೇ ಸುರುಳಿ, ಅವನದೇ ತಂತಿಗಳ ಮೇಲೆ ಬೆರಳಾಡಿಸಿದ. ಚಾಕು ನಿಂತಿತು. ಶಿರಾಯಿಶಿ ಹೊರಟ ಮೇಲೆ ಅದು ಮತ್ತೆ ಟಕಟಕನೆ ಶುರುವಾಯಿತು. ಈ ಸಲ ಕುವಬಾರ ಸುರುಳಿಯನ್ನು ಬಿಚ್ಚಲಿಲ್ಲ. ಎದ್ದು ಹೋಗಿ, ಅಡುಗೆಮನೆಯ ಬಾಗಿಲನ್ನು ಮೆಲ್ಲಗೆ ಎಳೆದು ಮುಚ್ಚಿದ.