ಅತ್ತೆ ಕುದಿಸಿದ ನೀರಿನ ಬಣ್ಣ

ಗೆಳೆಯರೇ, ಕುದಿಸಿದ ನೀರು ಕುಡಿದು ನಿಶ್ಚಿಂತೆಯಾಗಿ ಕೂತವರಿದ್ದರೆ ಸ್ವಲ್ಪ ಇಲ್ಲಿ ಕೇಳಿ. ಇವತ್ತು ಬೆಳಿಗ್ಗೆ ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರಿಗಂತ ಕಟ್ಟಿದ್ದ ನಮ್ಮ ಲೈನ್ ಮನೆಗೆ, ಬೋರ್ ನೀರಲ್ಲಿ ಫ್ಲೋರೈಡ್ ಎಷ್ಟಿದೆ ಅಂತ ಪರೀಕ್ಷೆ ಮಾಡೋ ಹುಡುಗಿ ಬಂದಿದ್ದಳು.

"ನಮ್ಮನೇಲಿ ಅದೆಲ್ಲ ಇಲ್ಲ ಕಣಮ್ಮ. ಕಷಾಯ ಕಾಯ್ಸ್ದಂಗೆ ಅರ್ಧಕ್ಕೆ ಇಳಿಯೋಗಂಟ ಕುದಿಸ್ತೀನಿ" ಅಂದರು ನಮ್ಮ ಅತ್ತೆ. ಆ ಕುದಿಸಾಟದಲ್ಲಿ ನನಗೆ ಒಲೆಯೇ ಸಿಗಲ್ಲ, ಅದು ಬೇರೆ ಮಾತು.

ಹುಡುಗಿ ಒಂದು ಗಾಜಿನ ಕೊಳವೆಗೆ ಬೋರ್ ನೀರು, ಇನ್ನೊಂದಕ್ಕೆ ಅತ್ತೆಯ ನೀರು ಹಾಕಿ ಎರಡಕ್ಕೂ ಗುಲಾಬಿ ಬಣ್ಣದ ಔಷಧಿ ಬಿಟ್ಟಳು. "ಹಳದಿ ಆದಷ್ಟೂ ಫ್ಲೋರೈಡ್ ಜಾಸ್ತಿ" ಅಂದಳು. ಬೋರ್ ನೀರು ಮೆಲ್ಲಗೆ ಕಿತ್ತಳೆಗೆ ತಿರುಗಿತು. ಅತ್ತೆಯದು ನೋಡನೋಡುತ್ತಲೇ ಅಪ್ಪಟ ಚಿನ್ನದ ಬಣ್ಣ! ಗಣಿ ಮುಚ್ಚಿದ ಮೇಲೆ ನಮ್ಮ ಲೈನಲ್ಲಿ ಇಂಥ ಹೊಳಪು ಯಾರೂ ಕಂಡಿರಲಿಲ್ಲ.

"ಕುದಿಸಿದ್ರೆ ನೀರು ಆವಿಯಾಗಿ ಹೋಗುತ್ತೆ ಅಜ್ಜಿ, ಫ್ಲೋರೈಡ್ ಅಲ್ಲೇ ಉಳಿಯುತ್ತೆ" ಅಂದಳು ಹುಡುಗಿ.

ಅತ್ತೆ ಕೊಳವೆಯನ್ನು ಬೆಳಕಿಗೆ ಹಿಡಿದು ಕಣ್ಣರಳಿಸಿದರು. "ದೇವುಡಾ! ಬೆಂಕಿಗೂ ಎದರಲ್ವಾ ಇದು?"

ಹುಡುಗಿ ಪೆಟ್ಟಿಗೆ ಮುಚ್ಚಿ ಎದ್ದಳು. ಅತ್ತೆ ಪಾತ್ರೆಯಲ್ಲಿದ್ದ ಅದೇ ಕುದಿಸಿದ ನೀರನ್ನು ಲೋಟಕ್ಕೆ ಬಗ್ಗಿಸಿ ಅವಳ ಮುಂದೆ ಹಿಡಿದರು. "ಬಿಸ್ಲಾಗೆ ಬಂದಿದ್ದೀಯ, ಬರೀ ಬಾಯಲ್ಲಿ ಓಗಬಾರ್ದು. ಕುಡ್ಕೊಂಡು ಓಗು ತಾಯಿ."

ಹುಡುಗಿ ಅತ್ತೆಯ ಇನ್ನೊಂದು ಕೈಲಿದ್ದ ಹಳದಿ ಕೊಳವೆ ನೋಡಿದಳು, ನನ್ನನ್ನು ನೋಡಿದಳು, ಅತ್ತೆಯ ಮುಖ ನೋಡಿದಳು. ಗಟಗಟ ಕುಡಿದಳು.

ಬೆಂಕಿಗೆ ಹೆದರದ ಫ್ಲೋರೈಡನ್ನೂ, ಫ್ಲೋರೈಡಿಗೆ ಹೆದರದ ಹುಡುಗಿಯನ್ನೂ ಒಂದೇ ದಿನ ಕಂಡೆ. ಪಾಪ, ಅವಳು ಹೆದರಿದ್ದು ನಮ್ಮ ಅತ್ತೆಗೆ.