ನದಿಯ ವಾಸನೆ

ಅಮೆರಿಕದ ವುಡ್‌ಬ್ರಿಡ್ಜ್‌ನಿಂದ ನದಿಯ ಕಡೆಗೆ ಹೊರಟರೆ ಇಪ್ಪತ್ತು ನಿಮಿಷದ ದಾರಿ, ನಮ್ಮ ಆ ಊರು. ಅದನ್ನು ಊರು ಅನ್ನುವುದಕ್ಕಿಂತ ರಿಫೈನರಿಯ ಹಿತ್ತಲು ಅನ್ನಬೇಕು. ದಂಡೆಯುದ್ದಕ್ಕೂ ಎಣ್ಣೆಯ ದೊಡ್ಡ ದೊಡ್ಡ ಟ್ಯಾಂಕುಗಳು, ಅವುಗಳ ಹಿಂದೆ ಸದಾ ಬೆಂಕಿ ಉಗುಳುವ ಚಿಮಣಿ. ಹೊರಗೆ ಒಣಹಾಕಿದ ಬಿಳಿ ಪಂಚೆಗೆ ಸಂಜೆಯೊಳಗೆ ಕರಿ ಚುಕ್ಕೆ ಬೀಳುತ್ತಿತ್ತು. ಬೀದಿಯ ಪ್ರತಿ ಮನೆಯಲ್ಲೂ ಒಬ್ಬನಾದರೂ ಅಲ್ಲಿ ಕೆಲಸಕ್ಕಿದ್ದ. ಎಲ್ಲರೂ ಅದನ್ನು ಬೈಯುತ್ತಿದ್ದರು, ಎಲ್ಲರೂ ಅದರ ಅನ್ನವನ್ನೇ ಉಣ್ಣುತ್ತಿದ್ದರು.

ಧಾರವಾಡದ ನಾವಿಬ್ಬರು ಅಲ್ಲಿಗೆ ಬಂದು ಬಿದ್ದದ್ದು ಅರವತ್ತರ ದಶಕ ಮುಗಿಯುವ ಹೊತ್ತಿಗೆ. ನನ್ನ ಗಂಡ ಗಣಿತದಲ್ಲಿ ಎಂ.ಎ. ಮಾಡಿದವರು. ಮುಂದೆ ಓದಲೆಂದು ಅಮೆರಿಕಕ್ಕೆ ಬಂದರು, ಎರಡನೆಯ ವರ್ಷ ಸ್ಕಾಲರ್‌ಶಿಪ್ ನಿಂತಿತು, ಸಿಕ್ಕ ಕೆಲಸ ಹಿಡಿದರು. ಟ್ಯಾಂಕಿನ ಮೇಲೆ ಹತ್ತಿ, ಮುಚ್ಚಳ ತೆಗೆದು, ಟೇಪು ಇಳಿಬಿಟ್ಟು ಎಣ್ಣೆ ಎಷ್ಟು ಆಳ ಇದೆ ಎಂದು ಬರೆದುಕೊಳ್ಳುವ ಕೆಲಸ. ಊರಿಗೆ ಬರೆದ ಕಾಗದದಲ್ಲಿ ಇದನ್ನು ‘ಅಳತೆಯ ಅಧಿಕಾರಿ’ ಎಂದು ಬರೆದವಳು ನಾನು.

ಬಾಡಿಗೆ ಮನೆಯ ಮುಂದೆ ಕಾರಿನಿಂದ ಇಳಿದ ಕೂಡಲೇ ಒಂದು ಕೆಟ್ಟ ವಾಸನೆ ಮೂಗಿಗೆ ಬಡಿಯಿತು. ಅವರು ಕರ್ಚೀಫು ಮೂಗಿಗೆ ಹಿಡಿದು, "ಏನಿದು ಹಿಂಗ್ ನಾರ್ತದ?" ಅಂದರು. ಗೊತ್ತಿಲ್ಲ ಅನ್ನುವ ಮಾತು ಆ ವಯಸ್ಸಿನಲ್ಲಿ ನನ್ನ ಬಾಯಿಂದ ಬರುತ್ತಲೇ ಇರಲಿಲ್ಲ.

"ನದಿ ವಾಸನಿರೀ. ಬ್ಯಾಸಗಿಯೊಳಗ ನಮ್ಮ ಕೆಲಗೇರಿ ಕೆರಿ ಕೆಸರು ನಾರ್ತಿತ್ತಲ್ಲ, ಹಂಗ," ಅಂದೆ.

ಅವರು ಒಪ್ಪಿಕೊಂಡರು. ಲೆಕ್ಕ ಒಂದನ್ನು ಬಿಟ್ಟರೆ ಉಳಿದ ಎಲ್ಲದರಲ್ಲೂ ಅವರಿಗೆ ನಾನು ಹೇಳಿದ್ದೇ ವೇದವಾಕ್ಯ. ಆಮೇಲೆ ಗಾಳಿ ಆ ಕಡೆಯಿಂದ ಬೀಸಿದಾಗಲೆಲ್ಲ ಇಬ್ಬರೂ "ಇವತ್ತ ನದಿ ಭಾಳ ನಾರ್ಲಿಕ್ಕತ್ತದ" ಎಂದುಕೊಂಡು ಸುಮ್ಮನಾಗುತ್ತಿದ್ದೆವು. ಒಂದು ತಿಂಗಳಿನಲ್ಲಿ ಮೂಗು ಒಗ್ಗಿಹೋಯಿತು.

ಕೆಲಸದ ಮೊದಲ ವಾರ ಹೊಸಬರನ್ನೆಲ್ಲ ಕೂರಿಸಿಕೊಂಡು ಸೇಫ್ಟಿಯ ಪಾಠ ಹೇಳಿದರಂತೆ. ಕೆಲವು ಟ್ಯಾಂಕಿನೊಳಗೆ ವಿಷದ ಗಾಳಿ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಎರಡು ಉಸಿರು ಜಾಸ್ತಿ ಎಳೆದರೆ ಮನುಷ್ಯ ಉಳಿಯುವುದಿಲ್ಲ. ಅಂದು ಸಂಜೆ ಊಟಕ್ಕೆ ಕೂತಾಗ ಅವರು ನಗುತ್ತ ಹೇಳಿದರು:

"ಕೊಳತ ತತ್ತಿ ವಾಸನಿ ಬಂತಂದ್ರ ಹಿಂದ ನೋಡದ ಇಳದು ಓಡ್ರಿ, ಸೈರನ್ ಆದ್ರ ಊರಾಗಿನವರು ಕಿಡಕಿ ಹಾಕ್ಕೋಬೇಕು ಅಂದ್ರು. ಎಲ್ಲಾರೂ ಗೋಣು ಹಾಕಿದ್ರು. ನಾನೂ ಹಾಕಿದೆ."

"ತತ್ತಿ ವಾಸನಿ ನಿಮಗೇನು ಗೊತ್ತು?"

"ಅದನ್ನಽ ಅಂತೀನಿ!"

ನಮ್ಮ ಎರಡೂ ಮನೆತನಗಳಲ್ಲಿ ಮೊಟ್ಟೆ ಹೊಸ್ತಿಲು ದಾಟಿದ್ದಿಲ್ಲ. ಒಳ್ಳೆಯದರ ವಾಸನೆಯೇ ತಿಳಿಯದವರಿಗೆ ಕೊಳೆತದ್ದರ ವಾಸನೆ ಹೇಗೆ ತಿಳಿಯಬೇಕು? ನಾನೂ ನಕ್ಕೆ. ಆದರೆ ಅವರು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ಎರಡು ದಿನ ಬಿಟ್ಟು ಸಂಜೆ ಕೋಟಿನ ಜೇಬಿನಿಂದ ಕಾಗದದಲ್ಲಿ ಸುತ್ತಿದ ಒಂದು ಮೊಟ್ಟೆ ತೆಗೆದರು.

"ಹಿಂದಿನ ಬಾಗಲ ಪಾವಟಿಗಿ ಮ್ಯಾಲೆ ಇಡೂಣು. ಕೊಳತ ಮ್ಯಾಲೆ ಒಮ್ಮೆ ಮೂಸಿ ನೋಡಿ ಚೆಲ್ಲಿಬಿಡ್ತೀನಿ. ಗುರ್ತು ಇರಲಿ."

ನನಗೆ ಮೈಯೆಲ್ಲ ಉರಿಯಿತು. "ದೇವರಿರೋ ಮನಿ ಇದು. ಅದು ಇಲ್ಲಿದ್ರ ನಾ ಇರೂದಿಲ್ಲ."

"ಒಳಗಲ್ಲ, ಹೊರಗ."

"ಹೊರಗೂ ನಮ್ಮ ಮನೀನ ಅಲ್ಲೇನು? ಯಾರನ್ನರೆ ಕೇಳ್ರಿ, ಆ ವಾಸನಿ ಹ್ಯಾಂಗಿರ್ತದಂತ."

"ಹ್ಯಾಂಗ ಕೇಳ್ಲಿ? ನಗ್ತಾರ."

ಅವರಿಗೆ ನಿಜವಾಗಿಯೂ ನಾಚಿಕೆಯಾಗಿತ್ತು. ಊಟದ ಬಿಡುವಿನಲ್ಲಿ ಅವರು ಮೊಸರನ್ನದ ಡಬ್ಬಿ ತೆಗೆದರೆ ಸುತ್ತಲಿನವರು ಇಣುಕಿ ನೋಡುತ್ತಿದ್ದರಂತೆ. ಇನ್ನು ಇದನ್ನು ಬೇರೆ ಕೇಳಬೇಕೆ? ಬೂಟು ಬಿಚ್ಚದೆ ಹಾಗೆಯೇ ಹೊರಗೆ ಹೋಗಿ ಮೊಟ್ಟೆಯನ್ನು ಪಕ್ಕದ ಮನೆಯವನಿಗೆ ಕೊಟ್ಟು ಬಂದರು. ನಾನು ಪಾವಟಿಗೆಯ ಮೆಟ್ಟಿಲ ಮೇಲೆಲ್ಲ ನೀರು ಹಾಕಿ ಒರೆಸಿದೆ. ಅಷ್ಟಕ್ಕೆ ಬಿಡದೆ ಅತ್ತೆಗೆ ಕಾಗದ ಬರೆದೆ. ಪರದೇಶದಲ್ಲಿಯೂ ಆಚಾರ ಕಾಪಾಡಿದ ಸೊಸೆ ಎಂದು ಅವರು ಮೆಚ್ಚಿ ಉತ್ತರ ಬರೆದರು. ಆ ಕಾಗದವನ್ನು ನಾನು ದೇವರ ಗೂಡಿನಲ್ಲಿ ಇಟ್ಟುಕೊಂಡಿದ್ದೆ. ಸೊಕ್ಕು ಅಂದರೆ ಅದು.

ಪಕ್ಕದ ಮನೆಯವನು ಪೋಲೆಂಡಿನಿಂದ ಬಂದವರ ಮಗ. ಐವತ್ತರ ಸುಮಾರಿನ ಗಟ್ಟಿ ಆಳು, ಅದೇ ಟ್ಯಾಂಕುಗಳ ಮೇಲೆ ಇಪ್ಪತ್ತು ವರ್ಷ ಅಳತೆಯ ಕೆಲಸ ಮಾಡಿದವನು. ದಿನವೂ ನನ್ನವರನ್ನು ತನ್ನ ಕಾರಿನಲ್ಲೇ ಕರೆದೊಯ್ಯುತ್ತಿದ್ದ. ಶನಿವಾರ ಮಧ್ಯಾಹ್ನ ರಿಫೈನರಿಯವರು ಸೈರನ್ ಕೂಗಿಸಿ ಪರೀಕ್ಷೆ ಮಾಡುವ ಹೊತ್ತಿಗೆ ನಮ್ಮ ಅಡಿಗೆಮನೆಗೆ ಬಂದು ಉಪ್ಪಿಟ್ಟಿಗೆ ಕೂರುತ್ತಿದ್ದ. ಮೆಣಸಿನಕಾಯಿ ಕಚ್ಚಿ ಕಣ್ಣೀರು ಸುರಿಸಿಕೊಂಡು ಇನ್ನಷ್ಟು ಹಾಕು ಅನ್ನುತ್ತಿದ್ದ. ಆ ಒಂಟಿ ಮೊಟ್ಟೆ ಯಾಕೆ ತಂದುಕೊಟ್ಟೆ ಎಂದು ಅವನು ಒಮ್ಮೆ ಕೇಳಿದ. ನನ್ನವರು "ಹೆಚ್ಚಾಗಿತ್ತು" ಅಂದರು. ಅವನು ಗಹಗಹಿಸಿ ನಕ್ಕ.

ಎರಡನೆಯ ವರ್ಷದ ಮೇ ತಿಂಗಳಲ್ಲಿ ಒಂದು ಮಂಗಳವಾರ ಬೆಳಿಗ್ಗೆ ಸೈರನ್ ಕೂಗಿತು. ಶನಿವಾರ ಅಲ್ಲವಲ್ಲ ಅಂದುಕೊಂಡೆ. ಕಿಟಕಿಗಳನ್ನೆಲ್ಲ ಹಾಕಿಕೊಂಡು ಕೂತೆ. ಹನ್ನೊಂದಕ್ಕೆ ನನ್ನವರ ಮೇಲಧಿಕಾರಿಯೊಬ್ಬ ಬಂದು ಟೋಪಿ ಕೈಯಲ್ಲಿ ಹಿಡಿದು ನಿಂತ. ನದಿಯ ಅಂಚಿನ ಟ್ಯಾಂಕಿನ ಮುಚ್ಚಳ ತೆಗೆದು ನನ್ನವರು ಟೇಪು ಬಿಟ್ಟಿದ್ದರಂತೆ. ವಾಸನೆ ಕೆಳಗಿದ್ದವರಿಗೂ ಬಂದು, ಎಲ್ಲರೂ ಇಳಿ ಇಳಿ ಎಂದು ಕೂಗುತ್ತ ಓಡಿದರಂತೆ. ಅಷ್ಟು ಎತ್ತರದಲ್ಲಿ ಗಾಳಿಗೆ ಏನೂ ಕೇಳಿಸಿರಲಿಕ್ಕಿಲ್ಲ. ಇವರು ಅಲ್ಲೇ ನಿಂತು ಅಂಕಿ ಬರೆದುಕೊಳ್ಳುತ್ತಿದ್ದವರು ಕುಸಿದರು. ಪಕ್ಕದ ಮನೆಯವನು ವಿಷಗಾಳಿಗೆ ಹಾಕಿಕೊಳ್ಳುವ ಮುಖವಾಡಕ್ಕೂ ಕಾಯದೆ ಮೇಲೆ ಹತ್ತಿದ. ಇವರನ್ನು ಮೆಟ್ಟಿಲಿನವರೆಗೆ ಎಳೆದು ತಂದ, ಕೆಳಗಿನವರು ಹಿಡಿದುಕೊಂಡರು. ಅವನು ಇಳಿಯಲಿಲ್ಲ.

ಆಸ್ಪತ್ರೆಯಲ್ಲಿ ಇವರ ಕಣ್ಣುಗಳು ಕೆಂಡದ ಹಾಗೆ ಕೆಂಪಾಗಿದ್ದವು. ಮೊದಲು ಅವನೆಲ್ಲಿ ಎಂದು ಕೇಳಿದರು. ನಾನು ಹೇಳಿದೆ. ಮುಖವನ್ನು ಗೋಡೆಯ ಕಡೆ ತಿರುಗಿಸಿ, "ನದಿ ಅನಕೊಂಡೆ," ಅಂದರು. ತಲೆ ಇನ್ನೂ ತಿಳಿಯಾಗಿಲ್ಲ ಎಂದುಕೊಂಡು ಸುಮ್ಮನೆ ಹಣೆ ಸವರಿದೆ.

ಅವನ ಹೆಣವನ್ನು ಹೂತು ಬಂದ ದಿನ ಪಕ್ಕದ ಮನೆಗೆ ಬೀದಿಯವರೆಲ್ಲ ಅಡಿಗೆ ಮಾಡಿ ತಂದಿದ್ದರು. ಸಾವಿನ ಮನೆಗೆ ಏನು ಒಯ್ಯಬೇಕೆಂದು ತಿಳಿಯದೆ ನಾನು ಉಪ್ಪಿಟ್ಟು ಒಯ್ದಿದ್ದೆ. ಮೇಜಿನ ಮೇಲೆ ಅರ್ಧರ್ಧ ಕೊಯ್ದ ಬೇಯಿಸಿದ ಮೊಟ್ಟೆಗಳ ತಟ್ಟೆ ಇತ್ತು. ಅವನ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅವಳಿಗೆ ತಿಳಿಯಬೇಕಿತ್ತು ಅಷ್ಟೆ.

"ಕೆಳಗಿದ್ದವರಿಗೂ ವಾಸನೆ ಬಂತಂತೆ. ನಿನ್ನ ಗಂಡನಿಗೆ ಯಾಕೆ ಬರಲಿಲ್ಲ?"

"ಅವರಿಗೆ ನೆಗಡಿಯಾಗಿತ್ತು," ಅಂದೆ.

ಅವಳು ನಂಬಿ ತಲೆಯಾಡಿಸಿದಳು. ಹೋಗುವಾಗ ನನ್ನ ಕೈಯನ್ನೂ ಹಿಡಿದುಕೊಂಡಳು. ಜೀವನದಲ್ಲಿ ಸುಳ್ಳು ಬೇಕಾದಷ್ಟು ಹೇಳಿದ್ದೇನೆ. ಈ ಒಂದು ಮಾತ್ರ ಇವತ್ತಿಗೂ ಗಂಟಲಲ್ಲಿದೆ.

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಅನ್ನುತ್ತಾರೆ. ಜೂನ್ ತಿಂಗಳಲ್ಲಿ ನಾನೇ ಅಂಗಡಿಗೆ ಹೋಗಿ ಒಂದು ಡಜನ್ ಮೊಟ್ಟೆ ತಂದೆ. ಹನ್ನೊಂದನ್ನು ಪಕ್ಕದ ಮನೆಯ ಹೆಂಗಸಿನ ಬಾಗಿಲಲ್ಲಿಟ್ಟೆ, ಒಂದನ್ನು ಹಿಂದಿನ ಪಾವಟಿಗೆಯ ಮೇಲೆ ಬಿಸಿಲಿಗಿಟ್ಟೆ. ಇವರು ದಿನವೂ ಅದನ್ನು ದಾಟಿಕೊಂಡು ಓಡಾಡಿದರು. ಯಾವುದನ್ನೂ ಕೇಳುವುದನ್ನು ಅವರು ಬಿಟ್ಟಿದ್ದರು.

ಜುಲೈ ಕೊನೆಯ ಒಂದು ಭಾನುವಾರ ಪಾವಟಿಗೆಯ ಮೇಲೆ ಕೂತು, ಮೊಟ್ಟೆಯನ್ನು ಬಟ್ಟಲಿನಲ್ಲಿಟ್ಟು ಚಮಚದಿಂದ ಒಡೆದೆ. ಹೊಸದೊಂದು ವಾಸನೆ ಬರುತ್ತದೆ, ಇದುವರೆಗೆ ಮೂಸದೆ ಇದ್ದದ್ದು ಬರುತ್ತದೆ ಎಂದು ಉಸಿರು ಬಿಗಿಹಿಡಿದು ಕಾದೆ. ಉಸಿರು ಎಳೆದುಕೊಂಡಾಗ ನನ್ನ ಕಣ್ಣು ತಾನಾಗಿಯೇ ನದಿಯ ಕಡೆ ಹೊರಳಿತು. ಅಂದು ಗಾಳಿ ನಮ್ಮ ಮನೆಯಿಂದ ನದಿಯ ಕಡೆಗೆ ಬೀಸುತ್ತಿತ್ತು.

ಒಳಗೆ ಅಡಿಗೆಮನೆಯಿಂದ ಅವರ ದನಿ ಕೇಳಿಸಿತು. "ಇವತ್ತ ನದಿ ಭಾಳ ನಾರ್ಲಿಕ್ಕತ್ತದಲ್ಲ," ಎನ್ನುತ್ತ ಬಾಗಿಲಿಗೆ ಬಂದರು. ಬಂದವರು ನನ್ನ ಕೈಯಲ್ಲಿದ್ದ ಬಟ್ಟಲನ್ನು ನೋಡಿದರು.

ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವರು ಒಳಗೆ ಹೋಗಿ, ಪಾಠದಲ್ಲಿ ಹೇಳಿಕೊಟ್ಟಿದ್ದ ಹಾಗೆ, ಒಂದೊಂದೇ ಕಿಟಕಿ ಹಾಕುತ್ತ ಬಂದರು. ಕೊನೆಗೆ ಹಿಂದಿನ ಬಾಗಿಲನ್ನೂ ಮುಚ್ಚಿದರು. ನಾನು ಹೊರಗೇ ಇದ್ದೆ.